ಫ್ರೆಂಚ್ ಕಲಿಯಲು ಹೊರಟ ಶಿಲ್ಪಿ

“ಗುರುಗಳೇ, ನಾನು ಫ್ರಾನ್ಸಿಗೆ ಹೊರಡಲು ಇನ್ನು ಐದು ತಿಂಗಳಿದೆ. ಆ ಭಾಷೆ ಕಲಿಯಲು ಇಷ್ಟು ಪುಸ್ತಕ ತಂದಿಟ್ಟುಕೊಂಡಿದ್ದೇನೆ. ಫೋನಿನಲ್ಲೂ ಪಾಠಗಳಿವೆ. ಇವುಗಳಲ್ಲಿ ಯಾವುದು ಒಳ್ಳೆಯದು?” ಎಂದು ಶಿಷ್ಯೆ ಕೇಳಿದಳು.

ಗುರುಗಳು ಪುಸ್ತಕಗಳನ್ನು ಒಂದೊಂದಾಗಿ ತಿರುವಿ ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಶಿಲ್ಪಿ ಇದ್ದ. ಕರಿಕಲ್ಲಿನಲ್ಲಿ ಮೂರ್ತಿ ಕೆತ್ತುವುದರಲ್ಲಿ ಆ ಸೀಮೆಯಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಫ್ರಾನ್ಸಿನ ಒಂದು ಕಲ್ಲುಗಣಿಯ ಊರಿನಿಂದ ಅವನಿಗೆ ಕರೆ ಬಂತು. ಅಲ್ಲಿಯ ಮುದಿ ಕಲ್ಲುಕುಟಿಗನೊಬ್ಬನ ಜೊತೆ ಒಂದು ವರ್ಷ ಕೆಲಸ ಮಾಡಬೇಕು, ಅವನ ವಿದ್ಯೆ ಇವನು, ಇವನ ವಿದ್ಯೆ ಅವನು ಕಲಿಯಬೇಕು ಎಂದು ಮಾತಾಯಿತು. ಹೊರಡಲು ಎಂಟು ತಿಂಗಳಿತ್ತು. ಶಿಲ್ಪಿ ಮಾರನೆಯ ದಿನವೇ ಪಟ್ಟಣಕ್ಕೆ ಹೋಗಿ ಫ್ರೆಂಚ್ ಕಲಿಸುವ ಪುಸ್ತಕ ತಂದ.

ಅವನ ಬೀದಿಯಲ್ಲೇ ಒಬ್ಬ ಮುದುಕಿ ಇದ್ದಳು. ಪುದುಚೇರಿಯಲ್ಲಿ ಬಹಳ ವರ್ಷ ಫ್ರೆಂಚ್ ಪಾಠ ಹೇಳಿ, ನಿವೃತ್ತಳಾಗಿ ತಂಗಿಯ ಮನೆಗೆ ಬಂದವಳು. ಸುದ್ದಿ ಕೇಳಿ ತಾನಾಗಿಯೇ ಬಂದಳು.

“ಆಚಾರ್ರೇ, ಸಂಜೆ ಅರ್ಧ ಗಂಟೆ ನಮ್ಮ ಜಗಲಿಗೆ ಬನ್ನಿ. ತಪ್ಪೋ ಸರಿಯೋ, ಮಾತಾಡ್ತಾ ಹೋಗೋಣ. ನನಗೂ ಆ ಮಾತು ಆಡದೆ ನಾಲಿಗೆ ಒಣಗಿದೆ,” ಎಂದಳು.

ಶಿಲ್ಪಿ ಒಂದು ಸಂಜೆ ಹೋದ. ಪುಸ್ತಕದಲ್ಲಿ ಕಲಿತಂತೆ ತನ್ನ ಪರಿಚಯ ಹೇಳಿಕೊಂಡ. ಆ ಭಾಷೆಯಲ್ಲಿ ಗಂಡಸು ಹೇಳುವುದು ಒಂದು ಥರ, ಹೆಂಗಸು ಹೇಳುವುದು ಇನ್ನೊಂದು ಥರ. ಅವನು ಹೆಂಗಸಿನಂತೆ ಹೇಳಿಬಿಟ್ಟ. ಮುದುಕಿಗೆ ನಗು ಬಂತು. ನಗುತ್ತಲೇ ತಿದ್ದಿದಳು. ಅದರಲ್ಲಿ ಕುಹಕವಿರಲಿಲ್ಲ. ಆದರೆ ಇಪ್ಪತ್ತೈದು ವರ್ಷದಿಂದ ಯಾರೂ ಅವನ ಕೆಲಸದಲ್ಲಿ ತಪ್ಪು ತೋರಿಸಿರಲಿಲ್ಲ. ಅವನ ಮುಖ ಕಿವಿಯವರೆಗೂ ಬಿಸಿಯಾಯಿತು.

ಮನೆಗೆ ಬಂದವನು ಪುಸ್ತಕವೇ ಸರಿಯಿಲ್ಲ ಎಂದುಕೊಂಡ. ಬೇರೆಯದನ್ನು ತರಿಸಿದ. ಅದರಲ್ಲಿ ವ್ಯಾಕರಣ ಚೆನ್ನಾಗಿತ್ತು, ಉಚ್ಚಾರಣೆ ಇರಲಿಲ್ಲ. ಉಚ್ಚಾರಣೆಗೆಂದು ಫೋನಿನ ಪಾಠ ಹಿಡಿದ. ಅದು ಮಕ್ಕಳಾಟದಂತೆ ಕಂಡಿತು. ಯಾರೋ ಒಂದು ದಪ್ಪ ಪುಸ್ತಕದ ಹೆಸರು ಹೇಳಿದರು, ಅದೂ ಬಂತು. ಒಂದೊಂದನ್ನೂ ಮೊದಲ ಪಾಠದಿಂದ ಶುರುಮಾಡಿದ. ಎಲ್ಲದರಲ್ಲೂ ಮೊದಲ ಪಾಠ ಒಂದೇ: ನನ್ನ ಹೆಸರು ಇದು, ನನ್ನ ಊರು ಇದು, ಹೌದು, ಇಲ್ಲ, ಧನ್ಯವಾದ. ಮುದುಕಿ ದಾರಿಯಲ್ಲಿ ಸಿಕ್ಕಾಗಲೆಲ್ಲ, “ಒಂದು ಒಳ್ಳೆ ಪುಸ್ತಕ ಸಿಗಲಿ ಟೀಚರಮ್ಮ, ಸ್ವಲ್ಪ ಓದಿಕೊಂಡು ಬರುತ್ತೇನೆ,” ಅನ್ನುತ್ತಿದ್ದ. ಹಾಗೆ ಅನ್ನುತ್ತಲೇ ಎಂಟು ತಿಂಗಳು ಕಳೆಯಿತು.

ಫ್ರಾನ್ಸಿನಲ್ಲಿ ಮುದಿ ಕಲ್ಲುಕುಟಿಗ ಅವನನ್ನು ಮನೆಯವನಂತೆ ನೋಡಿಕೊಂಡ. ಅಲ್ಲಿಯ ಕಲ್ಲು ಬಿಳಿಯದು, ಮೆತ್ತನೆಯದು. ನಮ್ಮ ಕಲ್ಲು ಬಡಿದರೆ ದನಿಯಲ್ಲೇ ಬಿರುಕು ಹೇಳುತ್ತದೆ. ಆ ಕಲ್ಲು ಗಟ್ಟಿಯಿದ್ದರೂ ಒಡೆದಿದ್ದರೂ ಮಂಕಾಗಿಯೇ ಸದ್ದು ಮಾಡುತ್ತಿತ್ತು. ಮೂರನೆಯ ತಿಂಗಳಲ್ಲಿ ಶಿಲ್ಪಿಯ ಮೂರ್ತಿ ಇನ್ನೇನು ಮುಗಿಯಬೇಕು ಅನ್ನುವಾಗ ಭುಜದಿಂದ ಸೀಳಿಹೋಯಿತು.

ಅಂದು ಸಂಜೆ ಮುದುಕ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಕೇಳಿದ. ಸಮಾಧಾನ ಹೇಳುತ್ತಿದ್ದಾನೆ ಎಂದುಕೊಂಡ ಶಿಲ್ಪಿ. ಅರ್ಥವಾಗಲಿಲ್ಲ ಎನ್ನಲು ನಾಚಿಕೆಯಾಯಿತು. “ಹೌದು, ಧನ್ಯವಾದ,” ಎಂದ. ಅಷ್ಟನ್ನು ಮಾತ್ರ ಒಂದು ತಪ್ಪೂ ಇಲ್ಲದೆ ಹೇಳಿದ. ಮುದುಕನ ಮುಖ ಅರಳಿತು. ಮರುದಿನ ಸಂಜೆ ಮತ್ತೆ ಕೇಳಿದ. ಶಿಲ್ಪಿ ಮತ್ತೆ ಹೌದೆಂದ. ಒಂದು ತಿಂಗಳು ಹೀಗೇ ನಡೆಯಿತು. ಆಮೇಲೆ ಮುದುಕ ಕೇಳುವುದನ್ನು ಬಿಟ್ಟ. ಮೊದಲಿನಷ್ಟು ಹತ್ತಿರ ಬಂದು ಕೂರುತ್ತಲೂ ಇರಲಿಲ್ಲ. ವಯಸ್ಸಾದವರು, ಬೇಸರವಿರಬೇಕು ಎಂದುಕೊಂಡ ಶಿಲ್ಪಿ. ಚಳಿಗಾಲದಲ್ಲಿ ಮುದುಕನ ಎದೆಗೆ ಶೀತ ಇಳಿದು, ಹನ್ನೊಂದು ದಿನ ಮಲಗಿ ತೀರಿಕೊಂಡ.

ಮಣ್ಣಾದ ಮೇಲೆ ಮುದುಕನ ಮಗಳು ಎರಡೂ ಭಾಷೆ ಬಲ್ಲವನೊಬ್ಬನನ್ನು ಕರೆಸಿ, ಶಿಲ್ಪಿಯನ್ನು ಎದುರಿಗೆ ಕೂರಿಸಿಕೊಂಡಳು.

“ಕಲ್ಲಿಗೆ ನೀರು ಹಾಕಿ, ಅದು ಆರುವುದನ್ನು ನೋಡುತ್ತಾ ಕೂತರೆ ಬಿರುಕು ಎಲ್ಲಿದೆ ಅಂತ ಅಪ್ಪನಿಗೆ ತಿಳಿಯುತ್ತಿತ್ತು. ಬಿಸಿಲು ಬೀಳುವ ಮೊದಲೇ ನೋಡಬೇಕು. ನಾಳೆ ನಸುಕಿಗೆ ಗಣಿಗೆ ಬರುತ್ತೀಯಾ, ತೋರಿಸುತ್ತೇನೆ ಅಂತ ನಿಮ್ಮನ್ನು ದಿನವೂ ಕೇಳುತ್ತಿದ್ದರು. ನೀವು ಬರುತ್ತೇನೆ ಅನ್ನುತ್ತಿದ್ದಿರಂತೆ. ಒಂದು ತಿಂಗಳು ಅಪ್ಪ ನಸುಕಿನಲ್ಲೇ ಎದ್ದು, ಕಲ್ಲಿಗೆ ನೀರು ಹಾಕಿಟ್ಟುಕೊಂಡು ಕಾದರು. ನೀವು ಯಾಕೆ ಬರಲಿಲ್ಲ?”

ಎರಡೂ ಭಾಷೆ ಬಲ್ಲವನು ಶಿಲ್ಪಿಯ ಮಾತಿಗೆ ಕಾದ. ಅನುವಾದ ಮಾಡಲು ಏನೂ ಬರಲಿಲ್ಲ.

ಉಳಿದ ತಿಂಗಳುಗಳಲ್ಲಿ ಅವನು ಆ ಮಗಳ ಅಡುಗೆಮನೆಯಲ್ಲಿ ಕೂತು, ತರಕಾರಿ ಹೆಚ್ಚಿಕೊಡುತ್ತಾ, ತಪ್ಪುತಪ್ಪಾಗಿ ಮಾತಾಡಿದ. ಅವಳು ನಕ್ಕಳು, ತಿದ್ದಿದಳು. ಬೇಸಿಗೆಯ ಹೊತ್ತಿಗೆ ಕೇಳಬೇಕಾದ್ದನ್ನೆಲ್ಲ ಕೇಳುವಷ್ಟು ಮಾತು ಅವನಿಗೆ ಬಂತು. ಆದರೆ ಕಲ್ಲಿನ ಕೆಲಸ ಅವಳು ಕಲಿತಿರಲಿಲ್ಲ. ನೀರು ಹಾಕಿ ಬಿರುಕು ಕಾಣುವ ವಿದ್ಯೆ ಬಲ್ಲವರು ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ. ನಸುಕಿನಲ್ಲಿ ಗಣಿಗೆ ಹೋಗಿ, ಕಲ್ಲಿಗೆ ನೀರು ಹಾಕಿ, ಆರುವವರೆಗೂ ನೋಡುತ್ತಾ ಕೂರುತ್ತಿದ್ದ. ಏನನ್ನು ನೋಡಬೇಕು ಎಂಬುದು ಅವನಿಗೆ ಗೊತ್ತಾಗಲಿಲ್ಲ. ಮತ್ತೆರಡು ಮೂರ್ತಿಗಳು ಸೀಳಿದವು. ವರ್ಷ ತುಂಬಿತು, ಊರಿಗೆ ಮರಳಿದ. ಊರವರು ಶಾಲು ಹೊದಿಸಿ, ಅಲ್ಲಿಂದ ಏನು ಕಲಿತು ಬಂದಿರಿ ಎಂದು ಕೇಳಿದರು. ಅವನು ತಲೆತಗ್ಗಿಸಿ ಕೈಮುಗಿದ. ವಿನಯ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ, “ಅವನಿಗೆ ಒಳ್ಳೆಯ ಪುಸ್ತಕವೊಂದು ಸಿಕ್ಕಿದ್ದರೆ ಹೀಗಾಗುತ್ತಿರಲಿಲ್ಲವೇನೋ,” ಎಂದಳು.

“ಅವನಲ್ಲಿದ್ದ ಪುಸ್ತಕಗಳೆಲ್ಲ ಒಳ್ಳೆಯವೇ ಆಗಿದ್ದವು, ಮಗಳೇ,” ಎಂದರು ಗುರುಗಳು.