ನೇಕಾರನ ಒಣಗಿದ ಗಾಯ

“ಗುರುಗಳೇ, ಗಾಯ ಒಣಗಿದ ಮೇಲೂ ನೋಯುತ್ತದೆ ಎನ್ನುವವರನ್ನು ನಂಬಬೇಕೇ?”

ವೈದ್ಯ ಕಲಿಯುತ್ತಿದ್ದ ಮುರಿಗೆಪ್ಪ ಹೀಗೆ ಕೇಳಿದ್ದು ಸುಮ್ಮನೆ ಅಲ್ಲ. ಆಗ ತಾನೇ ಒಬ್ಬ ಹೆಣ್ಣುಮಗಳು ಅತ್ತೆಯ ಜೊತೆ ಬಂದು ಹೋಗಿದ್ದಳು. ಎರಡು ವರ್ಷದ ಹಿಂದೆ ಮೊಣಕಾಲಿನ ಪಕ್ಕ ಕುಡುಗೋಲು ತಾಗಿತ್ತಂತೆ. ಈಗಲೂ ನಡೆದರೆ, ಕೂತು ಎದ್ದರೆ ನೋವು ಎಂದಳು. “ಕೆಲಸ ತಪ್ಪಿಸಿಕೊಳ್ಳಲು ಹೂಡಿದ ನೆಪ. ನೋವು ಇದೆಯೋ ಇಲ್ಲವೋ ನೀವೇ ಹೇಳಿಬಿಡಿ, ಇವತ್ತೇ ಇತ್ಯರ್ಥವಾಗಲಿ” ಎಂದಳು ಅತ್ತೆ. ಮುರಿಗೆಪ್ಪ ಸೊಸೆಯನ್ನು ಜಗಲಿಯ ಮೇಲೆ ಕೂರಿಸಿ ಕಾಲು ನೋಡಿದ. ಬಾವಿಲ್ಲ, ಕೀವಿಲ್ಲ, ಗೆರೆಯಂಥ ಒಂದು ಕಲೆ ಅಷ್ಟೆ. ಏನೂ ಇಲ್ಲ ಎಂದುಬಿಟ್ಟ. ಅತ್ತೆ ಸೊಸೆಯತ್ತ ಒಂದು ನೋಟ ಬೀರಿದಳು. ಸೊಸೆ ಮುಖ ತಗ್ಗಿಸಿ ಎದ್ದು, ಅತ್ತೆಯ ಹಿಂದೆ ಮೆಟ್ಟಿಲಿಳಿದು ಹೋದಳು. ಆ ಮುಖ ಮುರಿಗೆಪ್ಪನ ಮನಸ್ಸಿನಿಂದ ಹೋಗಲೊಲ್ಲದು. ನೀನು ಹೇಳಿದ್ದೇ ಸರಿ ಎಂದು ಗುರುಗಳ ಬಾಯಿಂದ ಕೇಳಿದರೆ ಸಮಾಧಾನವಾದೀತು ಎಂದುಕೊಂಡಿದ್ದ.

ಗುರುಗಳು ಬೇರು ಅರೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. “ನಂಬುವ ಮಾತು ಆಮೇಲೆ. ಮೊದಲು ಕತೆ ಕೇಳು. ನಡುವೆ ಬಾಯಿ ಹಾಕಬೇಡ” ಎಂದು ಶುರು ಮಾಡಿದರು.

ಒಬ್ಬ ನೇಕಾರನಿದ್ದ. ಮಗ್ಗದಲ್ಲಿ ಬಟ್ಟೆ ಸುತ್ತುವ ಹಳೆಯ ಮರದ ದಿಂಡು ಮುರಿದು ಅದರ ಸಿಬಿರು ಅವನ ಬಲ ಮುಂಗೈಗೆ ಹೊಕ್ಕಿತು. ಸಿಬಿರು ತೆಗೆಸಿದ, ಗಾಯ ಒಣಗಿತು, ಮತ್ತೆ ಮಗ್ಗದ ಗುಂಡಿಗೆ ಇಳಿದ. ಅಡ್ಡನೂಲಿನ ಲಾಳಿ ಎಸೆಯಲು ಕೈ ಬೀಸಿದನೋ ಇಲ್ಲವೋ, ಮೊಣಕೈಯವರೆಗೆ ಚಳಕ್ ಎಂದಿತು. ಒಳಗೆ ಇನ್ನೂ ಹಸಿ ಇರಬೇಕು ಎಂದು ಒಂದು ತಿಂಗಳು ಬಿಟ್ಟು ನೋಡಿದ. ಆಗಲೂ ಅದೇ ಚಳಕು. ನೋವಿಗೆ ಹೆದರಿ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಲಾಳಿ ನಡುದಾರಿಯಲ್ಲಿ ಸಿಕ್ಕಿಬೀಳುತ್ತಿತ್ತು. ಸೀರೆಯ ಅಂಚು ಹಾವು ಹರಿದ ಹಾಗೆ ಸೊಟ್ಟಗಾಗುತ್ತಿತ್ತು. ಕೇರಿಯವರು ಅಂಚು ನೋಡಿ ಮೂಗು ಮುರಿದರು. ಹೆಂಡತಿ ಕೂಡ ಒಮ್ಮೆ ಬಾಯಿ ತಪ್ಪಿ, ನಿಜವಾಗಿಯೂ ನೋಯುತ್ತದೆಯೇ ಎಂದುಬಿಟ್ಟಳು. ಆ ಮಾತಿನಿಂದ ಅವನಿಗೆ ಕೈನೋವಿಗಿಂತ ಹೆಚ್ಚು ನೋವಾಯಿತು.

ಮೊದಲ ವೈದ್ಯ ಕೈ ತಿರುಗಿಸಿ ನೋಡಿ, ಏನೂ ಇಲ್ಲ ಎಂದ. ಎರಡನೆಯವನು ಕಲೆಯದೇ ತಪ್ಪು ಎಂದು ಅದನ್ನು ಕೊಯ್ದು ತೆಗೆದ. ಎರಡು ತಿಂಗಳು ಹಾಯೆನಿಸಿತು. ಆಮೇಲೆ ಹೊಸ ಗಾಯ ಒಣಗಿ ಹೊಸ ಕಲೆ ಬಂತು, ಮೊದಲಿನದಕ್ಕಿಂತ ದಪ್ಪ. ನೋವೂ ಎರಡರಷ್ಟು. ನೇಕಾರ ಮತ್ತೆ ಹೋಗಿ ಮತ್ತೆ ಕೊಯ್ಯಿಸಿಕೊಂಡ. ಫಲ ಅದೇ. ಇನ್ನೂ ಆಳಕ್ಕೆ ಕೊಯ್ದರೆ ಬೇರು ಸಮೇತ ಹೋದೀತು ಎಂದು ಅವನಿಗೇ ಅನಿಸತೊಡಗಿತು. ನೋವು ಬುದ್ಧಿಯನ್ನೂ ತಿನ್ನುತ್ತದೆ, ಏನು ಮಾಡುವುದು.

ಕೊನೆಗೆ ಪಕ್ಕದೂರಿನ ಒಬ್ಬ ಮುದಿ ವೈದ್ಯನ ಬಳಿ ಹೋಗಿ, ಈ ಸಲ ಮೂಳೆಯವರೆಗೂ ಕೊಯ್ದುಬಿಡಿ ಎಂದು ಕೈ ಮುಂದಿಟ್ಟ. ಮುದುಕ ಆ ಕೈಯನ್ನು ಮುಟ್ಟಲೇ ಇಲ್ಲ. ನಾಳೆ ನಿಮ್ಮ ಮನೆಗೆ ಬರುತ್ತೇನೆ, ನೀನು ನೇಯುವುದನ್ನು ನೋಡಬೇಕು ಎಂದ. ಇದೆಂಥ ವೈದ್ಯನಪ್ಪಾ, ರೋಗ ಬಿಟ್ಟು ಮಗ್ಗ ನೋಡುವವನು ಎಂದು ನೇಕಾರನಿಗೆ ಅನುಮಾನ. ಆದರೂ ಏನು ಮಾಡುತ್ತಾನೋ ನೋಡೇಬಿಡೋಣ ಎಂಬ ಕುತೂಹಲ.

ಮಾರನೆಯ ದಿನ ಮುದುಕ ಬಂದು ಮಗ್ಗದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ನೇಕಾರ ಕೈ ಬೀಸುವಾಗಲೆಲ್ಲ ಅವನ ಮುಂಗೈ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದ. ಎಲ್ಲ ಕಡೆ ಚರ್ಮ ಸಲೀಸಾಗಿ ಜಾರುತ್ತಿತ್ತು. ಒಂದೇ ಒಂದು ಕಡೆ, ಅಕ್ಕಿಕಾಳಿನಷ್ಟು ಜಾಗದಲ್ಲಿ, ಜಾರುತ್ತಿರಲಿಲ್ಲ. ಒಳಗೆ ಬೆಳೆದ ಕಲೆ ಚರ್ಮವನ್ನೂ ಕೆಳಗಿನ ನರವನ್ನೂ ಅಂಟಿಸಿಬಿಟ್ಟಿತ್ತು. ಕೈ ಮಡಿಲಲ್ಲಿದ್ದಾಗ ಎಳೆತವಿಲ್ಲ, ನೋವಿಲ್ಲ. ಬೀಸಿದಾಗ ಮಾತ್ರ ನರ ಜಗ್ಗುತ್ತಿತ್ತು. ಹಿಂದಿನ ವೈದ್ಯರಿಬ್ಬರೂ ನೋಡಿದ್ದು ಸುಮ್ಮನೆ ಕೂತ ಕೈಯನ್ನು.

ಅಷ್ಟರಲ್ಲಿ ನೇಕಾರ ನೇಯುವುದನ್ನು ನಿಲ್ಲಿಸಿದ. ಮಗ್ಗಕ್ಕೆ ಹಾಸಿದ್ದ ನೂಲಿನಲ್ಲಿ ಎರಡು ಎಳೆ ಬಿಗಿಗಾಗಿ ಹಚ್ಚಿದ ಗಂಜಿಯಿಂದ ಅಂಟಿಕೊಂಡಿದ್ದವು. ಬೆರಳು ನೀರಿಗದ್ದಿ ಅವನ್ನು ತೇವ ಮಾಡಿದ. ಸೂಜಿಮೊನೆಯಿಂದ ಮೆಲ್ಲಗೆ ಬಿಡಿಸತೊಡಗಿದ.

“ಇಷ್ಟು ಕಷ್ಟವೇಕೆ? ಕತ್ತರಿಸಿಬಿಡು” ಎಂದ ಮುದುಕ.

“ಕತ್ತರಿಸಿದರೆ ಗಂಟು ಹಾಕಬೇಕಲ್ಲ ಅಜ್ಜ. ಆ ಗಂಟು ಮಗ್ಗದ ಹಣಿಗೆಯ ಹಲ್ಲಿಗೆ ಸಿಕ್ಕಿ ಪಕ್ಕದ ಎಳೆಯನ್ನೂ ಹರಿಯುತ್ತದೆ. ನಮ್ಮಲ್ಲಿ ಮಕ್ಕಳೂ ಹಾಗೆ ಮಾಡುವುದಿಲ್ಲ” ಎಂದ ನೇಕಾರ. ಹೇಳಿದವನೇ ತನ್ನ ಮುಂಗೈ ನೋಡಿಕೊಂಡ. ಎರಡೆರಡು ಸಲ ಕೊಯ್ಯಿಸಿಕೊಂಡ ಕೈ. ಅವನಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಮುದುಕ ಕೂದಲಿನಷ್ಟು ಸಣ್ಣ ಟೊಳ್ಳು ಸೂಜಿ ತೆಗೆದು ಕುದಿಸಿದ. ಕಾಸಿ ಆರಿಸಿದ ಮದ್ದಿನ ನೀರನ್ನು ನಾಲ್ಕೇ ಹನಿ ಆ ಜಾಗದೊಳಗೆ ಇಳಿಸಿದ. ನೀರು ಚರ್ಮಕ್ಕೂ ನರಕ್ಕೂ ನಡುವೆ ದಾರಿ ಮಾಡಿಕೊಂಡಿತು. ಅದೇ ಸೂಜಿಯ ಮೊನೆಯಿಂದ ಅಷ್ಟಿಷ್ಟು ಬಿಡಿಸಿದ. ಸೂಜಿ ಹೊರಬಂದಾಗ ಒಂದು ತೊಟ್ಟು ರಕ್ತ ಕಂಡಿತು, ಅಷ್ಟೆ. ಇವತ್ತೇ ಮಗ್ಗಕ್ಕೆ ಇಳಿ, ಮೆಲ್ಲಗೆ ಕೈ ಬೀಸು, ಸುಮ್ಮನೆ ಕೂತರೆ ಮತ್ತೆ ಅಂಟಿಕೊಳ್ಳುತ್ತದೆ ಎಂದು ಹೇಳಿ ಹೋದ. ಪವಾಡವೇನೂ ಆಗಲಿಲ್ಲ. ಇನ್ನೂ ಎರಡು ಸಲ ಸೂಜಿ ಹಾಕಬೇಕಾಯಿತು. ಮೂರನೆಯ ತಿಂಗಳಲ್ಲಿ ಲಾಳಿ ಈ ತುದಿಯಿಂದ ಆ ತುದಿಗೆ ಓಡಿತು, ಅಂಚು ನೆಟ್ಟಗಾಯಿತು. ಹೆಂಡತಿ ಆ ಅಂಚಿನ ಮೇಲೆ ಬೆರಳಾಡಿಸಿ ಅತ್ತುಬಿಟ್ಟಳು.

ಗುರುಗಳು ಅರೆದದ್ದನ್ನು ಬಟ್ಟಲಿಗೆ ತೆಗೆದರು. ಮುರಿಗೆಪ್ಪನಿಗೆ ಕುತೂಹಲ ತಡೆಯಲಾಗಲಿಲ್ಲ. ಅಂಥ ಸೂಜಿ ಎಲ್ಲಿ ಸಿಗುತ್ತದೆ, ಮದ್ದು ಯಾವುದು, ಎಷ್ಟು ಆಳಕ್ಕೆ ಇಳಿಸಬೇಕು ಎಂದು ಒಂದೇ ಉಸಿರಿಗೆ ಕೇಳಿದ. ಗುರುಗಳು ಅವನು ಮುಗಿಸುವವರೆಗೆ ಕಾದರು.

“ಅದನ್ನೆಲ್ಲ ಕಲಿಸುತ್ತೇನೆ ಮುರಿಗೆಪ್ಪ. ಮೊದಲು ಇದು ಹೇಳು, ಆ ಹೆಣ್ಣುಮಗಳು ನಮ್ಮ ಮೆಟ್ಟಿಲನ್ನು ಹೇಗೆ ಇಳಿದು ಹೋದಳು, ನೋಡಿದೆಯಾ?”