ನೀರಿನ ಮುಂದೆ ಓಡಿದ ಗಾಣಿಗ

"ಗುರುಗಳೇ, ಬಿದ್ದವನು ಎದ್ದು ಬಂದರೆ ಮತ್ತೆ ಸಾಲಿನಲ್ಲಿ ಸೇರಿಸಿಕೊಳ್ಳಬೇಕೇ?" ಎಂದು ಮರುಳಯ್ಯ ಕೇಳಿದ.

ಅವನು ಯಾರ ವಿಷಯ ಕೇಳುತ್ತಿದ್ದಾನೆಂದು ಮಠಕ್ಕೆಲ್ಲ ಗೊತ್ತಿತ್ತು. ಮಹಾಂತ ಎಂಬ ಶಿಷ್ಯ ಓದು ಬಿಟ್ಟು ನಾಟಕದ ಕಂಪನಿಯ ಹಿಂದೆ ಹೋಗಿದ್ದ. ಕಂಪನಿಯ ಹಿಂದೆಯೋ, ಅಲ್ಲಿ ಹಾಡುವವಳ ಹಿಂದೆಯೋ, ಅದನ್ನು ಅವನೇ ಹೇಳಬೇಕು. ವರ್ಷ ಕಳೆದು ಮೊನ್ನೆ ತಿರುಗಿ ಬಂದು, ಪಾಠಕ್ಕೆ ಕೂರುತ್ತೇನೆಂದು ಬಾಗಿಲಲ್ಲಿ ನಿಂತಿದ್ದ.

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಆ ಊರಿನಲ್ಲಿ ಒಂದು ಪದ್ಧತಿ. ಕೆರೆಯ ತೂಬು ತೆಗೆಯುವ ದಿನ ಗಂಡಸರು ಕಾಲುವೆಯ ದಂಡೆಯ ಮೇಲೆ ಸಾಲಾಗಿ ನಿಲ್ಲುವರು. ನೀರು ಬಿಟ್ಟ ಕೂಡಲೇ ಓಟ. ಮೈಲಿ ದೂರದ ಕಡೆಗದ್ದೆಯ ಕಲ್ಲನ್ನು ನೀರಿಗಿಂತ ಮುಂಚೆ ಮುಟ್ಟಬೇಕು. ಒಣಗಿದ ಕಾಲುವೆ ಕುಡಿದು ಕುಡಿದು ಬಿಡುವುದರಿಂದ ಮೊದಲ ನೀರು ಅಂಥ ಜೋರಾಗಿ ಬರುವುದಿಲ್ಲ. ಗಟ್ಟಿ ಕಾಲಿನವನಿಗೆ ಅದೇನೂ ಕಷ್ಟವಲ್ಲ. ಮೊದಲು ಮುಟ್ಟಿದವನಿಗೆ ಹೊಸ ಪಂಚೆ. ನೀರು ಬಂದ ಮೇಲೆ ಬಂದವನು ಮತ್ತೆಂದೂ ಆ ಸಾಲಿನಲ್ಲಿ ನಿಲ್ಲುವಂತಿಲ್ಲ.

ಗಾಣಿಗ ಮೂರು ಸಲ ಪಂಚೆ ಗೆದ್ದವನು. ಆಮೇಲೆ ಕಾಲು ಮುರಿದುಕೊಂಡ. ಹುಣಸೆ ಮರದಿಂದ ಬಿದ್ದೆ ಎಂದು ಹೇಳಿಕೊಂಡ. ಜನ ಅವನನ್ನು ಎತ್ತಿಕೊಂಡು ಬಂದದ್ದು ಬಳೆ ಮಾರುವವಳ ಹಿತ್ತಲ ಗೋಡೆಯ ಬುಡದಿಂದ. ಆ ಬೀದಿಯಲ್ಲಿ ಹುಣಸೆ ಮರವೇ ಇರಲಿಲ್ಲ. ಊರು ಅದನ್ನೇ ಅಗಿಯಿತು. ಹೆಂಡತಿ ಮಾತು ಬಿಟ್ಟಳು. ಆದರೆ ಕಾಲಿಗೆ ಕಟ್ಟಿದ್ದ ಬಿದಿರ ದಬ್ಬೆ ಬಿಚ್ಚಿದ ದಿನದಿಂದ ಎಣ್ಣೆ ತಿಕ್ಕುವುದನ್ನು ಬಿಡಲಿಲ್ಲ. ಬೇಕೆಂದೇ ಸ್ವಲ್ಪ ಒತ್ತಿ ತಿಕ್ಕುತ್ತಿದ್ದಳು ಎನ್ನುವವರೂ ಇದ್ದರು.

ಮೂಳೆ ಕೂಡಿತು. ಬೀದಿಗೆ ಬಂದರೆ ಕುಂಟುವುದನ್ನು ನೋಡಿ ನಗುವವರು. ಹಾಗಾಗಿ ಅವನು ಮನೆಯೊಳಗೇ ಗಾಣದ ಎತ್ತಿನ ಹಿಂದೆ ಸುತ್ತತೊಡಗಿದ. ಮೊದಮೊದಲು ಹಲಗೆ ಹಿಡಿದು ಸುತ್ತಿದ. ಆಮೇಲೆ ಕೈಬಿಟ್ಟು ಸುತ್ತಿದ. ಕಡೆಗೆ ಎತ್ತು ಬಿಚ್ಚಿ ಕಟ್ಟಿದ ಮೇಲೂ ಒಬ್ಬನೇ ಓಡಿದ. ಎರಡು ವರ್ಷ ಓಟ ತಪ್ಪಿತು. ಮೂರನೆಯ ವರ್ಷ ಹೋಗಿ ಸಾಲಿನಲ್ಲಿ ನಿಂತ.

ಇನ್ನೊಂದು ವರ್ಷ ತಡೆ, ನೀರು ನಿನ್ನನ್ನು ದಾಟಿದರೆ ಅಲ್ಲಿಗೆ ಮುಗಿಯಿತು ಎಂದು ತೂಬು ಕಾಯುವ ನೀರುಗಂಟಿ ಬುದ್ಧಿ ಹೇಳಿದ. ಅವನು ಕೇಳಲಿಲ್ಲ. ಒಬ್ಬ ವ್ಯಾಪಾರಿ ಎಲ್ಲರಿಗೂ ಕೇಳುವ ಹಾಗೆ, "ಏನಪ್ಪಾ, ಈ ದಾರಿಯಲ್ಲಿ ಗೋಡೆ ಗೀಡೆ ಏನೂ ಇಲ್ಲವಲ್ಲ, ಹೇಗೆ ಓಡುತ್ತೀಯ?" ಎಂದ.

"ಇಲ್ಲ ಸಾಹುಕಾರರೇ, ಅದಕ್ಕೇ ಬಂದೆ," ಎಂದ ಗಾಣಿಗ.

ತೂಬು ತೆಗೆದರು. ನೂರು ಮಾರು ಓಡುವಷ್ಟರಲ್ಲಿ ಅವನಿಗೆ ತನ್ನ ತಪ್ಪು ತಿಳಿಯಿತು. ಗಾಣ ಸುತ್ತಿ ಸುತ್ತಿ ಆ ಕಾಲು ಎಡಕ್ಕೆ ತಿರುಗುವುದನ್ನಷ್ಟೇ ಕಲಿತಿತ್ತು. ನೆಟ್ಟಗೆ ಓಡಲು ಅದಕ್ಕೆ ಬರಲಿಲ್ಲ. ಎಡಕ್ಕೆ ಇದ್ದದ್ದು ಕಾಲುವೆ. ಎರಡು ಸಲ ಹೇಗೋ ಮೈ ಎಳೆದುಕೊಂಡ. ಮೂರನೆಯ ಸಲ ಒಳಗೆ ಬಿದ್ದ.

ಊರು ನಕ್ಕಿತು. ವ್ಯಾಪಾರಿ ಹೊಟ್ಟೆ ಹಿಡಿದುಕೊಂಡ. ಹಿಂದೆ ನೀರು ಕಸಕಡ್ಡಿ ತಳ್ಳಿಕೊಂಡು ಬರುತ್ತಿತ್ತು. ಗಾಣಿಗ ಹತ್ತಲೆಂದು ದಂಡೆಗೆ ಕೈ ಹಾಕಿದ. ಮತ್ತೆ ಕೈ ತೆಗೆದು, ಕಾಲುವೆಯೊಳಗೇ ಓಡಿದ. ಕಾಲು ಎಡಕ್ಕೆ ಎಳೆದಾಗಲೆಲ್ಲ ಕಾಲುವೆಯ ಬದಿ ಅವನನ್ನು ನೆಟ್ಟಗೆ ತಳ್ಳಿತು. ಭುಜದ ಚರ್ಮ ಕಿತ್ತುಹೋಯಿತು. ನೀರಿನ ಸದ್ದು ಹಿಮ್ಮಡಿಯ ಹತ್ತಿರಕ್ಕೆ ಬಂತು.

ನಗುತ್ತಿದ್ದವರೆಲ್ಲ ಈಗ ದಂಡೆಯ ಮೇಲೆ ಅವನ ಜೊತೆಗೇ ಓಡುತ್ತಿದ್ದರು. ಎಲ್ಲರಿಗಿಂತ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಹೆಂಡತಿ. ಎರಡು ವರ್ಷದ ಮೇಲೆ ಅವಳ ಬಾಯಿಂದ ಮಾತು ಬಂತು. "ಹಿಂದೆ ನೋಡಬೇಡ, ಓಡು," ಎಂದಳು.

ಅವನು ನೋಡಲಿಲ್ಲ. ಕಲ್ಲು ಮುಟ್ಟಿದ. ಎಲ್ಲರಿಗಿಂತ ಕೊನೆಗೆ ಮುಟ್ಟಿದ. ಆಮೇಲೆ ನೀರು ಬಂದು ಅವನ ಕಾಲು ತೋಯಿಸಿತು.

ಓಡಬೇಕಾದದ್ದು ದಂಡೆಯ ಮೇಲೆ, ಕಾಲುವೆಯಲ್ಲಿ ಓಡಿದ್ದು ಓಟವೇ ಅಲ್ಲ ಎಂದು ವ್ಯಾಪಾರಿ ತಕರಾರು ತೆಗೆದ. ಜನ ನೀರುಗಂಟಿಯ ಮುಖ ನೋಡಿದರು. ಮೂವತ್ತು ವರ್ಷದಿಂದ ತೂಬು ತೆಗೆದವನು ಅವನು.

"ನಾವೆಲ್ಲ ಇಷ್ಟು ವರ್ಷ ನೀರಿನ ಪಕ್ಕದಲ್ಲಿ ಓಡಿದೆವು," ಎಂದ ನೀರುಗಂಟಿ. "ನೀರಿನ ಮುಂದೆ ಓಡಿದವನು ಇವನೊಬ್ಬನೇ."

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರುಳಯ್ಯನಿಗೆ ಸಮಾಧಾನವಾಗಲಿಲ್ಲ. "ಆ ವರ್ಷವೇನೋ ಉಳಿದುಕೊಂಡ, ಗುರುಗಳೇ. ಮರುವರ್ಷ ಅವನನ್ನು ಸಾಲಿಗೆ ಸೇರಿಸಿಕೊಂಡರೇ?" ಎಂದು ಕೇಳಿದ.

"ಇಲ್ಲ. ಮರುವರ್ಷ ಸಾಲೇ ಕಾಲುವೆಗೆ ಇಳಿದು ಅವನ ಹಿಂದೆ ನಿಂತಿತು," ಎಂದರು ಗುರುಗಳು.