ಒಲೆಯ ಹೆಸರಿನ ಕುಂಟೆ

ದಕ್ಷಿಣ ಜರ್ಮನಿಯ ಶ್ವಾಬಿಯ ಸೀಮೆಯಲ್ಲಿ, ಸುಣ್ಣಕಲ್ಲಿನ ಎತ್ತರದ ಬಯಲ ಮೇಲೆ, ಲೆರ್ಖೆನ್‌ಸ್ಟೆಟನ್ ಎಂಬ ಊರಿದೆ. ಊರೆಂದರೆ ಅರವತ್ತು ಮನೆ, ಒಂದು ಇಗರ್ಜಿ, ಒಂದು ಊಟದ ಮನೆ, ಇವುಗಳ ನಡುವೆ ಒಂದು ಕುಂಟೆ. ಕುಂಟೆ ದೊಡ್ಡದೇನಲ್ಲ, ಈ ದಡದಲ್ಲಿ ನಿಂತು ಮೆಲ್ಲಗೆ ಮಾತಾಡಿದರೂ ಆ ದಡಕ್ಕೆ ಕೇಳೀತು. ಭಾನುವಾರ ಪೂಜೆ ಮುಗಿದ ಮೇಲೆ ಕೆಳಗಿನ ಪಟ್ಟಣಗಳಿಂದ ಸಂಸಾರಗಳು ನಡೆದುಕೊಂಡು ಬರುತ್ತವೆ. ಊಟದ ಮನೆಯಲ್ಲಿ ಚನ್ನಂಗಿ ಬೇಳೆಯ ಗಟ್ಟಿ ಸಾರನ್ನೂ ಮೊಟ್ಟೆ ಕಲಸಿದ ಹಿಟ್ಟಿನ ಎಳೆಗಳನ್ನೂ ಹೊಟ್ಟೆತುಂಬ ಉಂಡು, ನೀರಿನ ಬದಿಯ ಬೆಂಚುಗಳ ಮೇಲೆ ಕಾಲು ಚಾಚಿ ಕೂರುತ್ತವೆ. ಯಾರೋ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾರೆ. ಇನ್ಯಾರೋ ಪ್ಲಮ್ ಹಣ್ಣಿನ ಕೇಕನ್ನು ಡಬ್ಬಿಯಿಂದ ತೆಗೆದು, ಕಣಜದ ಹುಳುಗಳನ್ನು ಓಡಿಸುತ್ತ ಹಂಚುತ್ತಾರೆ. ಆಗ ಮಕ್ಕಳಲ್ಲಿ ಒಬ್ಬರಾದರೂ ದಡದಲ್ಲಿ ನೆಟ್ಟ ಹಲಗೆಯ ಮೇಲಿನ ಹೆಸರನ್ನು ಓದಿ ಕೇಳಿಯೇ ಕೇಳುತ್ತಾರೆ. ಅಲ್ಲಿ 'ಓಫೆನ್‌ಹ್ಯೂಲೆ' ಎಂದು ಬರೆದಿದೆ. ಹ್ಯೂಲೆ ಎಂದರೆ ಮಳೆನೀರಿನ ಕುಂಟೆ. ಓಫೆನ್ ಎಂದರೆ ರೊಟ್ಟಿ ಸುಡುವ ಒಲೆ. ನಮ್ಮ ಮಾತಿನಲ್ಲಿ ಒಲೆಕುಂಟೆ. ನೀರಿನ ಬದಿಯಲ್ಲಿ ಒಲೆಯೆಲ್ಲಿ ಎಂದು ಮಕ್ಕಳು ಸುತ್ತ ಹುಡುಕಿ ಬರುತ್ತಾರೆ. ಒಲೆ ಕಾಣುವುದಿಲ್ಲ.

ಆ ಬಯಲಿನ ಗುಣವೇ ವಿಚಿತ್ರ. ಎಷ್ಟು ಮಳೆ ಸುರಿದರೂ ನೆಲ ಜರಡಿಯಂತೆ ಇಳಿಸಿಬಿಡುತ್ತದೆ. ಹೊಳೆಯಿಲ್ಲ, ಬಾವಿ ತೋಡಿದರೆ ಕಲ್ಲೇ ಕಲ್ಲು. ಕೊಳಾಯಿ ಬರುವುದಕ್ಕೆ ಮುಂಚಿನ ಕಾಲದಲ್ಲಿ ಊರಿಗೆ ನೀರೆಂದರೆ ಈ ಕುಂಟೆಯೊಂದೇ. ಹಿರಿಯರು ಕೆಳಗಿನ ಕಣಿವೆಯಿಂದ ನೀಲಿ ಜೇಡಿಮಣ್ಣನ್ನು ಬೆನ್ನ ಮೇಲೆ ಹೊತ್ತು ತಂದು, ಬರಿಗಾಲಲ್ಲಿ ತುಳಿದು ತುಳಿದು, ತಗ್ಗಿನ ತಳಕ್ಕೆ ಮೊಳದಷ್ಟು ದಪ್ಪ ಮೆತ್ತಿ ನೀರು ನಿಲ್ಲಿಸಿದ್ದರು. ಆದ್ದರಿಂದ ಊರಿನಲ್ಲಿ ಕಟ್ಟಳೆಯಿತ್ತು. ಕುಂಟೆಯ ತಳಕ್ಕೆ ಯಾರೂ ಗುದ್ದಲಿ ಸೋಕಿಸಕೂಡದು. ದನಗಳು ಕಲ್ಲು ಹಾಸಿದ ಬದಿಯಲ್ಲಿ ನಿಂತೇ ಕುಡಿಯಬೇಕು. ಒಳಗೆ ಕಾಲಿಟ್ಟು ತಳ ಕೆಡಿಸಿದ ದನವನ್ನು ಕಡಿದು ಮನೆಮನೆಗೆ ಹಂಚಬೇಕು. ಅದರ ಯಜಮಾನ ಕುಂಟೆ ಮತ್ತೆ ತುಂಬುವವರೆಗೆ ಊರಿಗೆಲ್ಲ ಕಣಿವೆಯಿಂದ ನೀರು ತರಬೇಕು. ಮನುಷ್ಯರೇ ತಳ ಕೆಡಿಸಿದರೆ ಏನು ಮಾಡಬೇಕೆಂಬುದಕ್ಕೆ ಮಾತ್ರ ಕಟ್ಟಳೆಯಿರಲಿಲ್ಲ. ಅಂಥದ್ದೊಂದು ನಡೆದೀತೆಂದು ಯಾರಿಗೂ ತೋಚಿರಲಿಲ್ಲ ಎನ್ನುತ್ತಾರೆ.

ಬಹಳ ಹಿಂದೆ, ಇಗರ್ಜಿಗೆ ಇನ್ನೂ ಗೋಪುರವೇರದಿದ್ದ ದಿನಗಳಲ್ಲಿ, ಕುಂಟೆಗೆ ಮುಖಮಾಡಿದ ಮನೆಯಲ್ಲಿ ಅಪೊಲೋನಿಯಾ ಎಂಬ ವಿಧವೆಯಿದ್ದಳು. ಊರವರ ಬಾಯಲ್ಲಿ ಅವಳು ಪ್ಲೋನಿ. ಜಪಸರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹಿಟ್ಟು ನಾದುವವಳು, ನಾದುತ್ತ ನಾದುತ್ತಲೇ ದೇವಮಾತೆಯನ್ನು ನೆನೆಯುವವಳು. ಅವಳ ಕೈಯ ರೊಟ್ಟಿಗೆ ಸುತ್ತ ಹತ್ತೂರಿನಲ್ಲಿ ಸಮವಿರಲಿಲ್ಲ. ಅಕ್ಟೋಬರಿನಲ್ಲಿ ಬರುವ ಇಗರ್ಜಿಯ ಹಬ್ಬಕ್ಕೆ ದೊಡ್ಡ ರೊಟ್ಟಿಯೊಂದನ್ನು ಸುಟ್ಟು ಬಲಿಪೀಠದ ಮುಂದಿಡುವ ಗೌರವ ಹದಿನೆಂಟು ವರ್ಷಗಳಿಂದ ಅವಳದೇ ಆಗಿತ್ತು. ಆ ವರ್ಷದ ಬೇಸಿಗೆಯಲ್ಲಿ ಅವಳ ಒಲೆಯ ತಳ ಬಿರಿಯಿತು. ರೊಟ್ಟಿ ಅಡಿಯಲ್ಲಿ ಸೀದು, ನಡುವೆ ಹಸಿ ಹಿಟ್ಟಾಗಿಯೇ ಉಳಿಯತೊಡಗಿತು. ನೆರೆಮನೆಯ ಅಫ್ರಾ ಒಂದು ತುಂಡು ಮುರಿದು ಮೂಸಿ ನೋಡಿ, ಈ ಸಲ ಹಬ್ಬಕ್ಕೆ ಮುಂಚೆ ಗುರುಗಳಿಗೆ ಹಲ್ಲು ಗಟ್ಟಿಮಾಡಿಕೊಳ್ಳಲು ಹೇಳಿಕಳಿಸಬೇಕು ಎಂದು ನಕ್ಕಳು. ನಕ್ಕವಳು ಮರೆತಳು, ಪ್ಲೋನಿ ಮರೆಯಲಿಲ್ಲ. ಒಲೆ ಮೆತ್ತಲು ಒಳ್ಳೆಯ ಜೇಡಿ ಬೇಕು. ಕಣಿವೆಗಿಳಿದು ಹತ್ತಿ ಬರಲು ಒಂದು ಹಗಲು ಹಿಡಿಯುತ್ತದೆ. ಮನೆಯ ಮುಂದೆಯೋ ಕುಂಟೆ ಬತ್ತಿ, ನಡುವೆ ಒಂದಿಷ್ಟು ನೀರುಳಿದು, ಸುತ್ತ ಬೆಣ್ಣೆಯಂಥ ಜೇಡಿ ಬಿಸಿಲಿಗೆ ಹೊಳೆಯುತ್ತಿತ್ತು.

ಊರೆಲ್ಲ ಚನ್ನಂಗಿ ಕೊಯ್ಲಿಗೆ ಹೋಗಿದ್ದ ಒಂದು ಮಧ್ಯಾಹ್ನ ಪ್ಲೋನಿ ಬುಟ್ಟಿ ಹಿಡಿದು ಇಳಿದಳು. ಇಷ್ಟು ದೊಡ್ಡ ಕುಂಟೆಗೆ ಒಂದು ಬುಟ್ಟಿ ಮಣ್ಣು ಯಾವ ಲೆಕ್ಕ ಎಂದುಕೊಂಡಳು. ದೇವರ ಹಬ್ಬದ ರೊಟ್ಟಿಗೇ ತಾನೆ ಎಂದೂ ಸೇರಿಸಿದಳು. ಅಂಚಿನ ಮಣ್ಣಿನಲ್ಲಿ ಕಲ್ಲುಪುಡಿ ಬೆರೆತಿತ್ತು. ಆದ್ದರಿಂದ ಆರು ಹೆಜ್ಜೆ ಒಳಕ್ಕೆ, ನಡುವಿನ ನೀರಿನ ಬದಿಯವರೆಗೆ ಹೋದಳು. ಗುದ್ದಲಿ ಸೋಕಿಸಬಾರದೆಂಬ ಕಟ್ಟಳೆ ಅವಳಿಗೆ ನೆನಪಿತ್ತು. ಅದಕ್ಕೆಂದೇ ಗುದ್ದಲಿ ತಂದಿರಲಿಲ್ಲ; ಬೋಗುಣಿಗೆ ಮೆತ್ತಿದ ಹಿಟ್ಟನ್ನು ಕೆರೆಯುವ ಮರದ ಹಲಗೆಯಿಂದ ಕೊಯ್ದಳು. ಪಾಪ ನಮ್ಮ ಮನೆಗೆ ಕದ ಮುರಿದು ಬರುವುದಿಲ್ಲ. ನಾವೇ ಒಳಗೆ ಕರೆದು, ಮಣೆ ಹಾಕಿ, ಇದು ಪಾಪವಲ್ಲ ಎಂದು ಅದಕ್ಕೊಂದು ಹೆಸರನ್ನೂ ಇಡುತ್ತೇವೆ. ಒಂದು ಬುಟ್ಟಿ ಸಾಲಲಿಲ್ಲ. ಮೂರು ಬುಟ್ಟಿಯಾಯಿತು. ಕೊಯ್ದ ಗುಂಡಿಗೆ ಕಾಲಿನಿಂದ ಕೆಸರು ಎಳೆದು ಮುಚ್ಚಿ ಮನೆಗೆ ಬಂದಳು. ಒಲೆ ಮೆತ್ತಿ, ಒಣಗಿಸಿ, ಕಿಚ್ಚು ಹಾಕಿ ಸುಟ್ಟ ಮೇಲೆ ಬಂದ ಮೊದಲ ರೊಟ್ಟಿ ಹಿಂದೆಂದೂ ಆಗದಷ್ಟು ಹದವಾಗಿತ್ತು. ಅಫ್ರಾ ಎರಡು ಚೂರು ತಿಂದು ಮೂರನೆಯದಕ್ಕೆ ಕೈಹಾಕುತ್ತ, ಮಣ್ಣು ಎಲ್ಲಿಯದೆಂದು ಕೇಳಿದಳು. ಕಣಿವೆಯ ತವರಿನಿಂದ ಅಣ್ಣ ಕಳಿಸಿದನೆಂದು ಪ್ಲೋನಿ ಹೇಳಿದಳು. 

ಸೆಪ್ಟೆಂಬರಿನಲ್ಲಿ ದೇವರು ಮಳೆ ಕೊಟ್ಟನು. ಎರಡು ದಿನ ಎಡೆಬಿಡದೆ ಸುರಿದು ಕುಂಟೆ ಕಲ್ಲುಹಾಸಿನವರೆಗೆ ತುಂಬಿತು. ಊರು ದೇವರಿಗೆ ವಂದನೆ ಹಾಡಿತು. ನಾಲ್ಕನೆಯ ಬೆಳಗ್ಗೆ ಬಿಂದಿಗೆ ಹಿಡಿದು ಹೋದವರಿಗೆ ಕೆಸರು ಮಾತ್ರ ಕಂಡಿತು. ನಡುವೆ ಒಂದು ತೂತು, ಅದರೊಳಗೆ ಕೊನೆಯ ನೀರು ಗೊಟಗೊಟನೆ ಇಳಿಯುತ್ತಿತ್ತು. ತೂತಿನ ಸುತ್ತ ಎತ್ತಿನ ಗೊರಸಿನ ಗುರುತುಗಳು. ಅವು ಯಾರ ಎತ್ತಿನವೆಂದು ಯಾರೂ ಕೇಳಬೇಕಾಗಲಿಲ್ಲ. ಗಾಡಿ ಹೊಡೆಯುವ ಗಾಲುಸನೇ ಟೋಪಿ ತೆಗೆದು ಮುಂದೆ ಬಂದು ಒಪ್ಪಿಕೊಂಡನು. ಕೊಯ್ಲಿನ ಬಿಸಿಲಿನಲ್ಲಿ ತನ್ನ ಜೋಡಿಯಲ್ಲಿ ಒಂದು, ಮೈಯೆಲ್ಲ ಬಿಳಿ ಮಚ್ಚೆಯಿದ್ದ ಷೆಕ್ ಎಂಬ ಎತ್ತು, ನೀರಡಿಕೆ ತಾಳದೆ ಹಗ್ಗ ಕಿತ್ತುಕೊಂಡು ನಡುಕುಂಟೆಗೆ ನುಗ್ಗಿತ್ತಂತೆ. ತಳ ತೂತಾದದ್ದು ತನ್ನ ಎತ್ತಿನಿಂದಲೇ ಎಂದು ಅವನು ಮನಸಾರೆ ನಂಬಿದ್ದನು. ಆ ಗುಂಪಿನಲ್ಲಿ ಪ್ಲೋನಿಯೂ ನಿಂತಿದ್ದಳು. ತೂತು ಎಲ್ಲಿದೆಯೆಂದು ಅವಳಿಗೆ ನೋಡದೆಯೂ ಗೊತ್ತಿತ್ತು. ಬಾಯಿ ತೆರೆದಳು, ಪಕ್ಕದಲ್ಲಿ ಅಫ್ರಾ ಇದ್ದಳು, ಎದುರಿಗೆ ಊರಿತ್ತು, ಇನ್ನು ಮೂರು ವಾರಕ್ಕೆ ಹಬ್ಬವಿತ್ತು. ಬಾಯಿ ಮುಚ್ಚಿದಳು. ಕಟ್ಟಳೆಯಂತೆ ಶನಿವಾರ ಎತ್ತನ್ನು ಕಡಿಯುವುದೆಂದು ಹಿರಿಯರು ತೀರ್ಮಾನಿಸಿದರು.

ಆ ದಿನಗಳಲ್ಲಿ ಅವಳ ಜಪ ಅರ್ಧಕ್ಕೇ ನಿಲ್ಲುತ್ತಿತ್ತಂತೆ. 'ನಮ್ಮ ತಪ್ಪುಗಳನ್ನು ಕ್ಷಮಿಸು' ಎಂಬಲ್ಲಿಗೆ ಬಂದಾಗ ನಾಲಿಗೆ ತಿರುಗುತ್ತಿರಲಿಲ್ಲ. ಶುಕ್ರವಾರ ಇಗರ್ಜಿಗೆ ಹೋಗಿ ಗುರುಗಳ ಬಳಿ ಪಾಪನಿವೇದನೆ ಮಾಡಿದಳು.  ನಿವೇದನೆಯಲ್ಲಿ ಕೇಳಿದ್ದನ್ನು ತಾವು ಹೊರಗೆ ಆಡುವಂತಿಲ್ಲ, ಆ ಎತ್ತಿನ ಜೀವ ಈಗ ನಿನ್ನ ನಾಲಿಗೆಯ ಮೇಲಿದೆ ಎಂದು ಗುರುಗಳು ತಿಳಿಸಿಹೇಳಿದರು. ಕೊನೆಗೆ, "ನಿನಗೆ ಪ್ರಾಯಶ್ಚಿತ್ತಕ್ಕೆ ಜಪ ಕೊಡುವುದಿಲ್ಲ ಮಗಳೇ. ಜಪ ನಿನಗೆ ಸುಲಭ. ಗಾಲುಸನ ಅಂಗಳಕ್ಕೆ ಹೋಗು," ಎಂದರು.

ಹೋದಳು. ಗಾಲುಸ ಸಂಜೆಯ ಬಿಸಿಲಿನಲ್ಲಿ ಷೆಕ್‌ನ ಮೈ ಉಜ್ಜುತ್ತಿದ್ದನು. ಆ ಸೀಮೆಯಲ್ಲಿ ನೆರೆಹೊರೆಯ ಹೆಂಗಸನ್ನು ನೆಂಟಳೆಂಬ ಸಲಿಗೆಯಿಂದ 'ಬೇಸ್ಲೆ' ಎಂದೂ ಗಂಡಸನ್ನು 'ಫೆಟರ್' ಎಂದೂ ಕರೆಯುವುದು ರೂಢಿ. ಅವಳನ್ನು ಕಂಡು ಅವನು ಕೈ ಒರೆಸಿಕೊಂಡು, "ಬನ್ನಿ ಬೇಸ್ಲೆ," ಎಂದನು. "ನೀವೊಬ್ಬರಾದರೂ ಬಂದಿರಿ. ಊರಿನವರು ನನ್ನ ಬಾಗಿಲು ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದಾರೆ."

"ಫೆಟರ್, ನಿಮಗೊಂದು ಮಾತು ಹೇಳಬೇಕಿತ್ತು."

"ಸಮಾಧಾನದ ಮಾತು ಬೇಡಿ. ಮೊನ್ನೆ ಇವನಿಗೆ ಹೊಡೆದೆ ಬೇಸ್ಲೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ. ಯಾಕೆಂದು ಇವನಿಗೆ ಗೊತ್ತಾಗಲಿಲ್ಲ, ನನ್ನ ಮುಖವನ್ನೇ ನೋಡಿದ." ಅವನು ಎತ್ತಿನ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡೇ ಇದ್ದನು. "ಮನೆಯಲ್ಲಿ ರೊಟ್ಟಿಯ ತುದಿಯೊಂದಿದ್ದರೆ ಕೊಡ್ತೀರಾ? ನಿಮ್ಮ ರೊಟ್ಟಿಯೆಂದರೆ ಇವನಿಗೆ ಪ್ರಾಣ. ನಾಳೆಗೆ ಮುಂಚೆ ತಿನ್ನಲಿ."

ಪ್ಲೋನಿ ಓಡಿಹೋಗಿ ತುದಿಯನ್ನಲ್ಲ, ಇಡೀ ರೊಟ್ಟಿಯನ್ನೇ ತಂದಳು. ಆ ಹೊಸ ಒಲೆಯಲ್ಲಿ ಸುಟ್ಟ ರೊಟ್ಟಿ. ಎತ್ತು ಕಣ್ಣು ಅರೆಮುಚ್ಚಿ ತಿಂದು, ಉಳಿದ ಪುಡಿಗಾಗಿ ಅವಳ ಅಂಗೈ ನೆಕ್ಕಿತು. ಆ ಒರಟು ನಾಲಿಗೆ ಅಂಗೈ ಮೇಲಾಡುತ್ತಿದ್ದಷ್ಟು ಹೊತ್ತು ಅವಳು ಕೈ ಚಾಚಿಯೇ ನಿಂತಿದ್ದಳು. ಗಾಲುಸ ಮೂರು ಸಲ ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದನು. ಬೆಳಗ್ಗೆ ಖಂಡಿತ ಹೇಳುತ್ತೇನೆ ಸ್ವಾಮಿ ಎಂದು ದೇವರಿಗೆ ಮಾತು ಕೊಟ್ಟು ಮನೆಗೆ ಬಂದಳು. ಬೆಳಗ್ಗೆ ಇಗರ್ಜಿಯ ಗಂಟೆ ಬಾರಿಸುವ ಮೊದಲೇ ಕಟುಕ ಬಂದು ಕೆಲಸ ಮುಗಿಸಿ ಹೋಗಿದ್ದನು.

ಹಂಚುವ ಕೆಲಸವೂ ಯಜಮಾನನದೇ. ಗಾಲುಸ ಒಂದೊಂದೇ ಮನೆಗೆ ಪಾಲನ್ನು ಕೊಟ್ಟು, ಪ್ಲೋನಿಯ ಬಾಗಿಲಿಗೂ ಬಂದನು. ಒಂಟಿ ಹೆಂಗಸೆಂದು ಅವಳಿಗೆ ಮುಂಗಾಲಿನ ಒಳ್ಳೆಯ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿದ್ದನು. "ವಿನೆಗರ್ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ ಬೇಸ್ಲೆ," ಎಂದನು. "ದುಡಿದ ಮೈ, ಬೇಗ ಬೇಯುವುದಿಲ್ಲ."

ಅವನು ಬಾಗಿಲು ದಾಟಿದ ಮೇಲೆ ಅವಳು ಈರುಳ್ಳಿ ಹೆಚ್ಚಿದಳು, ಪಾತ್ರೆಗೆ ನೀರು ಹೊಯ್ದಳು. ಬಟ್ಟೆಯ ಗಂಟನ್ನು ಬಿಚ್ಚಲು ಕೈ ಏಳಲಿಲ್ಲ. ಸೌದೆ ಒಡೆಯುವ ಕೊಡಲಿಯನ್ನು ತೆಗೆದುಕೊಂಡು ಹಿತ್ತಲಿಗೆ ಹೋಗಿ ಒಲೆಯ ಮೇಲೆ ಬೀಸಿದಳು. ಸದ್ದಿಗೆ ಜನ ಸೇರಿದರು. ವಿಧವೆಗೆ ತಲೆ ಕೆಟ್ಟಿತೆಂದು ಯಾರೋ ಗುರುಗಳನ್ನು ಕರೆಯಲು ಓಡಿದರು. ಅವಳು ಕೆಂಪಗೆ ಬೆಂದ ಹೆಂಟೆಯೊಂದನ್ನು ಎದೆಗವಚಿಕೊಂಡು ಜನರ ನಡುವೆಯೇ ಹಾದು, ಕುಂಟೆಗಿಳಿದು, ತೂತಿನ ಬಳಿ ಇಟ್ಟಳು.

"ಎತ್ತಲ್ಲ," ಎಂದಳು. "ನಾನು. ಮೂರು ಬುಟ್ಟಿ ಕೊಯ್ದೆ. ಆ ಮಣ್ಣೇ ಇದು."

ಅಫ್ರಾ ಮಾತ್ರ ಮೆಲ್ಲಗೆ ಕೇಳಿದಳು: "ತವರಿನ ಮಣ್ಣು ಅಂದಿದ್ದೆಯಲ್ಲೇ ಪ್ಲೋನಿ?"

"ಸುಳ್ಳು ಹೇಳಿದೆ."

ಗಾಲುಸ ಕೈಯಲ್ಲಿ ಇನ್ನೂ ನಾಲ್ಕು ಮನೆಗಳ ಪಾಲು ಹಿಡಿದು ನಿಂತಿದ್ದನು. ಬೈಯುತ್ತಾನೆಂದು ಎಲ್ಲರೂ ಕಾದರು; ಬೈದಿದ್ದರೆ ಅವಳಿಗೂ ಹಗುರಾಗುತ್ತಿತ್ತೇನೋ. ಅವನು, "ಹಾಗಾದರೆ ಷೆಕ್‌ನದು ಏನೂ ತಪ್ಪಿರಲಿಲ್ಲ," ಎಂದಷ್ಟೇ ಅಂದನು. ಆಮೇಲೆ, "ಕಟುಕನ ಕೈಗೆ ಹಗ್ಗ ಕೊಟ್ಟಾಗ ನಾನು ಷೆಕ್‌ನ ಕಡೆ ತಿರುಗಿಯೂ ನೋಡಲಿಲ್ಲ," ಎಂದನು.

ಮನುಷ್ಯರಿಗೆ ಕಟ್ಟಳೆಯಿಲ್ಲದ್ದರಿಂದ ಹಿರಿಯರು ಏನನ್ನೂ ವಿಧಿಸಲಾರದೆ ಮನೆಗೆ ಹೋದರು. ಶಿಕ್ಷೆಯಿಲ್ಲದ ಆ ಬಿಡುಗಡೆಯೇ ಪ್ಲೋನಿಗೆ ಹೆಚ್ಚು ಭಾರವಾಯಿತು. ಒಲೆಯ ಹೆಂಟೆಗಳನ್ನು ಪುಡಿಮಾಡಿ ತೊಟ್ಟಿಯಲ್ಲಿ ನೆನೆಸಿ, ಹಿಟ್ಟಿನಂತೆ ನಾದಿ ನಾದಿ ನೋಡಿದಳು. ಬೆಂಕಿ ಕಂಡ ಮಣ್ಣು ಮತ್ತೆ ಜೇಡಿಯಾಗಲಿಲ್ಲ; ಬೆರಳ ಸಂದಿಯಿಂದ ಕೆಂಪು ಮರಳಾಗಿ ಜಾರಿತು. ಆಗ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಕಣಿವೆಗಿಳಿದಳು. ದಿನಕ್ಕೊಂದು ಬುಟ್ಟಿ. ಆರನೆಯ ದಿನ ಏರು ಹತ್ತುವಾಗ ಹಿಂದಿನಿಂದ ಗಾಡಿಯ ಸದ್ದು ಬಂತು. ಒಂಟಿ ಎತ್ತು ಕಟ್ಟಿದ ಗಾಡಿಯಲ್ಲಿ ಗಾಲುಸನಿದ್ದನು. ತಪ್ಪು ತನ್ನದಲ್ಲವೆಂದು ತಿಳಿದ ಮೇಲೂ ಊರಿಗೆ ನೀರು ತರುವುದನ್ನು ಅವನು ನಿಲ್ಲಿಸಿರಲಿಲ್ಲ. ಅವಳ ಬೆನ್ನಿನಿಂದ ಬುಟ್ಟಿ ಇಳಿಸಿ ನೀರಿನ ಪೀಪಾಯಿಗಳ ಪಕ್ಕ ಇಟ್ಟುಕೊಂಡನು.  ಅವಳು ಗಾಡಿಯ ಹಿಂದೆ ನಡೆದಳು. ಮೊದಲ ಹಿಮ ಬೀಳುವವರೆಗೆ ಹೀಗೆಯೇ ನಡೆಯಿತೆನ್ನುತ್ತಾರೆ. ಆ ವರ್ಷ ಹಬ್ಬಕ್ಕೆ ಪೀಠದ ಮುಂದಿಟ್ಟದ್ದು ಅಫ್ರಾಳ ರೊಟ್ಟಿ. ಅಡಿಯಲ್ಲಿ ಸೀದಿತ್ತು, ಊರೆಲ್ಲ ತುಟಿಪಿಟಕ್ಕೆನ್ನದೆ ತಿಂದಿತು. ಹೊಸ ಜೇಡಿಯನ್ನು ತೂತಿಗೆ ತುಂಬಿ ಎಲ್ಲರೂ ಸೇರಿ ತುಳಿದರು. ಬೆಂದ ಮಣ್ಣು ನೀರು ಹಿಡಿಯದಿದ್ದರೂ ಗೊರಸನ್ನು ತಡೆದೀತೆಂದು ಒಲೆಯ ಉಳಿದ ಹೆಂಟೆಗಳನ್ನು ಅದರ ಮೇಲೆ ಹಾಸಿದರು. ವಸಂತದಲ್ಲಿ ಹಿಮ ಕರಗಿ ಕುಂಟೆ ತುಂಬಿತು, ದೇವರ ದಯೆಯಿಂದ ನಿಂತಿತು. ಒಲೆಯನ್ನು ಒಡಲಲ್ಲಿಟ್ಟುಕೊಂಡ ಕುಂಟೆಗೆ ಅಂದಿನಿಂದ ಒಲೆಯ ಹೆಸರೇ ಉಳಿಯಿತು.

ಪ್ಲೋನಿ ಮತ್ತೆ ಒಲೆ ಕಟ್ಟಿಸಲಿಲ್ಲ. ಸಾಯುವವರೆಗೂ ಗಂಜಿ ಕುಡಿದೇ ಬದುಕಿದಳು. ಗಾಲುಸ ಬರುಬರುತ್ತ ಅವಳೊಡನೆ ಮಳೆ ಬಿಸಿಲಿನ ಮಾತಾಡತೊಡಗಿದ್ದನು. ಮುದಿತನದಲ್ಲಿ ಅವಳ ಸೌದೆಯನ್ನು ಅವನೇ ಒಡೆದು ಜೋಡಿಸಿ ಹೋಗುತ್ತಿದ್ದನಂತೆ. ಕೊನೆಯ ಕಾಯಿಲೆಯಲ್ಲಿ ಗುರುಗಳು ಬಂದು, ದೇವರು ನಿನ್ನನ್ನು ಎಂದೋ ಕ್ಷಮಿಸಿದ್ದಾನೆ, ಗಾಲುಸನೂ ಕ್ಷಮಿಸಿದ್ದಾನೆ, ಇನ್ನೇಕೆ ಅಳುತ್ತೀಯೆ ಎಂದು ಕೇಳಿದರು.

"ಅವರಿಬ್ಬರನ್ನೂ ಕೇಳಿದೆ, ಕೊಟ್ಟರು," ಎಂದಳು ಪ್ಲೋನಿ. "ಎತ್ತನ್ನು ಕೇಳುವುದು ಹೇಗೆ ಗುರುಗಳೇ?"

 ಗುರುಗಳು ಅವಳ ಕೈ ಹಿಡಿದುಕೊಂಡು ಕುಳಿತರು. ಕೇಳಲು ದಾರಿ ಕಾಣದ ಕ್ಷಮೆಯನ್ನೂ ಕರುಣಾಮಯನಾದ ದೇವರು ತನ್ನ ಬಳಿ ಇಟ್ಟುಕೊಂಡಿರುತ್ತಾನೆ ಎಂಬುದು ಭಕ್ತರ ನಂಬಿಕೆ. ಅವಳಿಗೂ ಅದು ದೊರೆತಿರಲಿ.

ಇಂದಿಗೂ ಆಗಸ್ಟಿನ ಬಿಸಿಲಿಗೆ ನೀರು ತಗ್ಗಿದಾಗ ಕುಂಟೆಯ ನಡುವೆ ಇಟ್ಟಿಗೆಯ ಬಣ್ಣದ ಹಾಸೊಂದು ಮೇಲೇಳುತ್ತದೆ. ಬಾತುಗಳು ಅದರ ಮೇಲೆ ಕುಳಿತು ರೆಕ್ಕೆ ಒಣಗಿಸಿಕೊಳ್ಳುತ್ತವೆ. ಆ ದಾರಿಯಲ್ಲಿ ಹಾದುಹೋಗುವ ಊರಿನ ಮುದುಕರು ಒಂದು ಕ್ಷಣ ನಿಂತು ಟೋಪಿ ತೆಗೆಯುತ್ತಾರೆ. ಬೆಂಚಿನ ಮೇಲೆ ಕೇಕು ತಿನ್ನುತ್ತಿರುವ ಪ್ರವಾಸಿಗಳು ತಮಗೇ ನಮಸ್ಕರಿಸಿದರೆಂದುಕೊಂಡು, ಬಾಯೊರೆಸಿಕೊಂಡು ಎದ್ದುನಿಂತು ತಿರುಗಿ ನಮಸ್ಕರಿಸುತ್ತಾರೆ. ಮುದುಕರು ಮರ್ಯಾದೆಗೆ ನಕ್ಕು ಮುಂದೆ ಹೋಗುತ್ತಾರೆ. ಕೈಹಿಡಿದು ನಿಲ್ಲಿಸಿ ಯಾರಿಗೆಂದು ಕೇಳಿದವರಿಗೆ ಮಾತ್ರ ಹೇಳುತ್ತಾರೆ, ಎತ್ತಿಗೆ ಎಂದು.